ಹುಣಸೆಹಣ್ಣು ಹಚ್ಚಿ ತೊಳೆದ ಗೇರ್ ಬಾಕ್ಸು

ಆ ದಿನ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ರಂಗೋಲಿ ಬಿಟ್ಟೆ, ಫಿಲ್ಟರಿನ ನೆತ್ತಿಗೆ ಎರಡು ಸಲ ತಟ್ಟಿ ಡಿಕಾಕ್ಷನ್ ಇಳಿಸಿದೆ. ನಮ್ಮವರು ವರಾಂಡದಲ್ಲಿ ಕುಳಿತು, ಲೋಟದ ಅಂಚಿನ ಮೇಲಿಂದ ಕೊಟ್ಟಿಗೆಯ ಕಡೆಗೇ ನೋಡುತ್ತಾ ಕಾಫಿ ಕುಡಿದರು. ಕೊಟ್ಟಿಗೆಯಲ್ಲಿ ಹಸುವಿರಲಿಲ್ಲ. ನಮ್ಮ ಕಾರು ಇತ್ತು.

ಬೇಲಿಯ ಆಚೆಯಿಂದ ಪಕ್ಕದ ಮನೆಯ ಪಿಳ್ಳಮ್ಮನವರು ಕೂಗಿ ಕೇಳಿದರು.

"ಅಕ್ಕಾವ್ರೇ, ಕಾರು ರೆಡಿನಾ?"

"ರೆಡಿ ಪಿಳ್ಳಮ್ಮನವರೇ! ಹೂವಿನ ಹಾಗೆ ಹೋಗುತ್ತೆ, ನೋಡ್ತಾ ಇರಿ."

"ಬರೋರಿಗೆ ದೋಸೆ ಮಾಡನಾ ಅಂತಿದ್ದೆ. ಬ್ಯಾಡ ಅಂತ ಉಪ್ಪಿಟ್ಟಿಗೆ ರವೆ ಉರೀತಾ ಇವ್ನಿ."

"ಯಾಕೆ, ದೋಸೆಗೇನಾಯ್ತು?"

"ಏನಿಲ್ಲ ಬುಡಿ," ಎಂದು ಒಳಗೆ ಹೋದರು. ಅವರ ಮುಖದಲ್ಲಿ ಏನೋ ಒಂದು ಮೂಡಿ ಮರೆಯಾಯಿತು. ಮಗಳ ಚಿಂತೆ ಇರಬೇಕು ಎಂದುಕೊಂಡೆ.

ಚಿಂತೆಗೆ ಕಾರಣವೂ ಇತ್ತು. ಯಜಮಾನರಿಲ್ಲದ ಮನೆ, ದ್ರಾಕ್ಷಿ ತೋಟವನ್ನೂ ಮಗಳು ಸರೋಜಳನ್ನೂ ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ಹೋದ ಸಲ ಹೆಣ್ಣು ನೋಡಲು ಬಂದವರು, ಯಲಹಂಕ ಸ್ಟೇಷನ್ನಿನಲ್ಲಿ ತಮ್ಮನ್ನು ಯಾರೂ ಎದುರುಗೊಳ್ಳಲಿಲ್ಲವೆಂದು ಮುನಿಸಿಕೊಂಡು ಅಲ್ಲಿಂದಲೇ ಹಿಂದಿರುಗಿದ್ದರು. ಸರೋಜ ಉಟ್ಟ ರೇಷ್ಮೆ ಸೀರೆಯಲ್ಲೇ ಸಂಜೆಯವರೆಗೆ ಜಗಲಿಯ ಮೇಲೆ ಕುಳಿತಿದ್ದಳು. ಅದನ್ನು ನೋಡಲಾಗದೆ ನಾನು ಮಾತು ಕೊಟ್ಟುಬಿಟ್ಟೆ: "ಈ ಸಲ ನಮ್ಮ ಕಾರಿನಲ್ಲೇ ಕರೆತರೋಣ!"

ಮಾತು ಕೊಡುವಾಗ ಕಾರಿನೊಳಗೆ ಗೇರ್ ಬಾಕ್ಸೇ ಇರಲಿಲ್ಲ. ಅದು ಸಣ್ಣ ವಿಷಯವೆಂದು ನನಗೆ ತೋರಿತ್ತು.

ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ನಮ್ಮವರು ಕೊಂಡ ಅಮೆರಿಕದ ಕಾರು ಅದು. ನಮ್ಮ ಅಡಿಗೆಮನೆಗಿಂತ ಎರಡು ಮೊಳ ಉದ್ದ. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಕೈಯಿಂದ ಗೇರ್ ಹಾಕುವ ಕಾರು ಕಲಿಯಲು ಇವರು ಮೂರು ಸಲ ಹೋಗಿ, ಮೂರು ಸಲವೂ ಪರರ ಕಾಂಪೌಂಡಿನೊಳಗೆ ಹೋಗಿ ನಿಂತಿದ್ದರು. ಆದ್ದರಿಂದ ಒಂದು ದಿನ ಆ ಗೇರ್ ಬಾಕ್ಸು ಸುಟ್ಟ ವಾಸನೆ ಹೊರಡಿಸಿ ಪ್ರಾಣ ಬಿಟ್ಟಾಗ ಮನೆಯಲ್ಲಿ ಸೂತಕದ ಕಳೆ.

ಮೆಕ್ಯಾನಿಕ್ ಬಾಷಾ ಮೇಸ್ತ್ರಿ ತಲೆ ಕೆರೆದುಕೊಂಡ. "ಇಂಥಾದ್ದನ್ನ ನಾನು ಬಿಚ್ಚೇ ಇಲ್ಲ ಸಾರ್. ಮಾಮೂಲಿ ಗೇರ್ ಬಾಕ್ಸ್ ಕೂರಿಸಿಬಿಡ್ಲಾ?"

"ಕಾರು ಬದಲಾಗಬಹುದು ಬಾಷಾ," ಎಂದರು ಇವರು ಗಂಭೀರವಾಗಿ. "ನಾನು ಬದಲಾಗಲ್ಲ."

ಕೊನೆಗೆ ಯಶವಂತಪುರದ ಒಂದು ಗುಜರಿಯಲ್ಲಿ ನಮ್ಮ ಕಾರಿನದೇ ಜಾತಿಯ ಇನ್ನೊಂದು ಸಿಕ್ಕಿತು. ಅದರಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಅವುಗಳ ಕೆಳಗಿನಿಂದ ಗೇರ್ ಬಾಕ್ಸನ್ನು ಬಿಚ್ಚಿ ಎತ್ತಿನ ಗಾಡಿಯಲ್ಲಿ ತಂದಿಳಿಸಿದಾಗ ಅದರ ಸಂದಿನಲ್ಲಿ ಒಂದು ಮೊಟ್ಟೆಯೂ ಇತ್ತು.

ಇಲ್ಲಿ ನನ್ನ ಪ್ರವೇಶವಾಯಿತು. ಕಾರಿನ ಜೊತೆ ಬಂದಿದ್ದ ದಪ್ಪ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಬಾಷಾಗೆ ಇಂಗ್ಲಿಷ್ ಬಾರದು. ಇವರಿಗೆ ಕಚೇರಿಯ ಇಂಗ್ಲಿಷ್ ಮಾತ್ರ. ನಾನೋ ಕಾನ್ವೆಂಟಿನಲ್ಲಿ ಓದಿದವಳು! ಮಣೆಯ ಮೇಲೆ ಕುಳಿತು, ಸೆರಗು ಸಿಕ್ಕಿಸಿಕೊಂಡು, ಒಂದೊಂದೇ ಸಾಲನ್ನು ಕನ್ನಡಕ್ಕೆ ಇಳಿಸುತ್ತಾ ಹೋದೆ. ಬಾಷಾ ಒಂದೊಂದೇ ಭಾಗವನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ. ಆ ಪುಟದ ಕಡೆಯ ಸಾಲು ಹೀಗಿತ್ತು: ಜೋಡಿಸುವ ಮುನ್ನ ಎಲ್ಲ ಭಾಗಗಳನ್ನೂ ಚೆನ್ನಾಗಿ ಶುಚಿಗೊಳಿಸಬೇಕು.

"ಸೀಮೆಎಣ್ಣೆ ತಂದು ನಾಳೆ ತೊಳೀತೀನಮ್ಮ," ಎಂದು ಬಾಷಾ ಮನೆಗೆ ಹೋದ.

ನಾಳೆ! ಕೋಳಿ ಹಿಕ್ಕೆ ಮೆತ್ತಿದ ವಸ್ತು ನನ್ನ ಅಂಗಳದಲ್ಲಿ ನಾಳೆಯವರೆಗೆ ಬಿದ್ದಿರುವುದೇ? ಕಾನ್ವೆಂಟಿನಲ್ಲಿ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಸಿಸ್ಟರ್ ನಮ್ಮ ಹತ್ತೂ ಉಗುರುಗಳನ್ನು ತಿರುಗಿಸಿ ನೋಡುತ್ತಿದ್ದವರು. ಆ ಶಿಕ್ಷಣ ಸುಮ್ಮನಿರಲು ಬಿಡಲಿಲ್ಲ. ನಾನು ಬೇರೆಯವರ ಮನೆಯಿಂದ ಕಡ ತಂದ ಪಾತ್ರೆಯನ್ನೂ ತಂದ ಹಾಗೆಯೇ ಹಿಂದಿರುಗಿಸುವವಳಲ್ಲ. ಫಳಫಳ ಹೊಳೆಯುವಂತೆ ಉಜ್ಜಿ ಕೊಡುವವಳು.

ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ, ತೆಂಗಿನ ನಾರು ತಂದು ಕುಳಿತೆ. ಹಲ್ಲಿನ ಚಕ್ರಗಳು ಬೆಳ್ಳಿಯಂತೆ ಎದ್ದು ಬಂದವು. ಕಷ್ಟವಾದದ್ದು ಎರಡು ಉಕ್ಕಿನ ಪಟ್ಟಿಗಳು ಮತ್ತು ಬಳೆಯಂಥ ಒಂದಷ್ಟು ಬಿಲ್ಲೆಗಳು. ಅವುಗಳ ಮೈಗೆ, ತಳ ಹಿಡಿದ ಪಾಯಸದಂತೆ, ಕಂದು ಬಣ್ಣದ ಏನೋ ಒಂದು ಗಟ್ಟಿಯಾಗಿ ಅಂಟಿತ್ತು. ಎಷ್ಟು ವರ್ಷದ ಕೊಳೆಯೋ! ಬಿಸಿನೀರಿನಲ್ಲಿ ನೆನೆಸಿದೆ. ಜಗ್ಗಲಿಲ್ಲ. ದೋಸೆ ಮಗುಚುವ ಕೈ ತಂದು ಕೆರೆದೆ. ಬಂತು! ಬಿಲ್ಲೆಗಳೆಲ್ಲ ಮುಗಿದವು, ಒಂದು ಪಟ್ಟಿಯೂ ಮುಗಿಯಿತು. ಎರಡನೆಯ ಪಟ್ಟಿಗೆ ಕೈ ಹಾಕುವಷ್ಟರಲ್ಲಿ ಒಳಗೆ ಸಾರು ಉಕ್ಕಿ ಒಲೆ ಆರಿತು. ಎದ್ದು ಹೋದವಳು ಆ ಪಟ್ಟಿಯನ್ನು ಮರೆತೇಬಿಟ್ಟೆ.

ಮರುದಿನ ಬಾಷಾ ಬಂದು ಕಣ್ಣರಳಿಸಿದ. "ಅಮ್ಮಾ, ಫ್ಯಾಕ್ಟರಿಯಿಂದ ಬಂದಂಗೈತೆ!" ಆದರೂ ಅನುಮಾನದಿಂದ ಆ ಬೋಳು ಪಟ್ಟಿಯನ್ನು ಕೆಟ್ಟುಹೋಗಿದ್ದ ನಮ್ಮ ಹಳೆಯ ಗೇರ್ ಬಾಕ್ಸಿನ ಪಟ್ಟಿಯ ಪಕ್ಕ ಹಿಡಿದು ನೋಡಿದ. ಅದೂ ಬೋಳಾಗಿತ್ತು. "ಹಳೇದ್ರಲ್ಲೂ ಹಿಂಗೇ ಇದೆ. ಸರಿಯಾಗೇ ಇದೆ," ಎಂದು ಜೋಡಿಸಿದ. ಹಳೆಯದು ಕೆಟ್ಟಿದ್ದೇ ಬೋಳಾಗಿದ್ದರಿಂದ ಎಂಬುದು ಆ ಅಂಗಳದಲ್ಲಿದ್ದ ಮೂವರು ಬುದ್ಧಿವಂತರಿಗೂ ಹೊಳೆಯಲಿಲ್ಲ.

ಹಾಗೆ ಸಿದ್ಧವಾದ ಕಾರಿಗೆ ಆ ದಿನ ಬೆಳಿಗ್ಗೆ ಕುಂಕುಮವಿಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಹತ್ತು ಗಂಟೆಗೆ ರೈಲು. ಒಂಬತ್ತಕ್ಕೆ ಇವರು ಸ್ಟಾರ್ಟ್ ಮಾಡಿದರು. ಕೊಟ್ಟಿಗೆಯೊಳಗೆ ಮೂತಿ ಇಟ್ಟು ನಿಂತಿದ್ದ ಕಾರು ಬೆಣ್ಣೆಯಲ್ಲಿ ಜಾರಿದಂತೆ ಹಿಂದಕ್ಕೆ ಹೊರಬಂತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಪಿಳ್ಳಮ್ಮನವರು ನನ್ನ ಕೈ ಹಿಡಿದುಕೊಂಡರು. ಇವರು ಠೀವಿಯಿಂದ ಗೇರಿನ ಕಡ್ಡಿಯನ್ನು ಮುಂದಕ್ಕೆ ಹೋಗುವ ಗುರುತಿಗೆ ತಂದು ಕಾಲೊತ್ತಿದರು.

ಕಾರು ಹುಲಿಯಂತೆ ಗರ್ಜಿಸಿತು. ಅಲ್ಲೇ ನಿಂತು!

ಮತ್ತೆ ಒತ್ತಿದರು. ಮತ್ತೆ ಗರ್ಜನೆ. ಹಿಂದಕ್ಕೆ ಹಾಕಿದರೆ ಸರ್ರನೆ ಹೋಗುತ್ತದೆ. ಮುಂದಕ್ಕೆ ಎಂದರೆ ಇರುವೆಯಷ್ಟೂ ಇಲ್ಲ. ಜಟಕಾಗಳೆಲ್ಲ ಇರುವುದು ಸ್ಟೇಷನ್ನಿನ ಬಳಿ. ಬಾಗಿಲಲ್ಲಿ ಸರೋಜ ಅದೇ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

"ರೀ," ಎಂದೆ. "ಹಿಂದಕ್ಕೆ ಹೋಗುತ್ತೆ ತಾನೆ?"

"ಹೋಗುತ್ತೆ."

"ಹಾಗಾದರೆ ಹಿಂದಕ್ಕೇ ಹೋಗೋಣ."

ಇವರು ನನ್ನನ್ನು ದಿಟ್ಟಿಸಿ ನೋಡಿದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಹಾಗೆ ನೋಡಿರಲಿಲ್ಲ.

ಯಲಹಂಕದ ಬೀದಿ ಅಂದು ಕಂಡ ಮೆರವಣಿಗೆಯನ್ನು ಇಂದಿಗೂ ಮರೆತಿಲ್ಲ. ನಾನು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿಗೆ ಮುಖ ಮಾಡಿ ದಾರಿ ಹೇಳುತ್ತಿದ್ದೆ. ಇವರು ಕನ್ನಡಿ ನೋಡಿಕೊಂಡು ಓಡಿಸುತ್ತಿದ್ದರು.

"ಬಲಕ್ಕೆ! ಬಲಕ್ಕೆ ರೀ!"

"ಯಾರ ಬಲ ಕಣೇ?"

"ನನ್ನ ಬಲ! ಅಯ್ಯೋ, ಎಮ್ಮೆ!"

ನಮ್ಮ ಬೆನ್ನಿಗೆ, ಎಂದರೆ ಮೂತಿಗೆ, ಒಂದು ಎತ್ತಿನ ಗಾಡಿ ಬಿದ್ದಿತ್ತು. ಎತ್ತುಗಳು ಇವರ ಮುಖವನ್ನೇ ನೋಡುತ್ತಾ ಸ್ಟೇಷನ್ನಿನವರೆಗೂ ಬಂದವು. ಗಾಡಿಯವನು ಕೇಳಿದ, "ಸಾಮಿ, ಓಗ್ತಾ ಇದೀರೋ, ಬರ್ತಾ ಇದೀರೋ?"

ರೈಲು ಬಂದಾಗಿತ್ತು. ಗಂಡಿನ ತಂದೆ ದಪ್ಪ ಮೀಸೆಯವರು. ನಗುವ ಅಭ್ಯಾಸ ಇದ್ದಂತಿರಲಿಲ್ಲ. ಜೊತೆಗೆ ತೆಳ್ಳನೆಯ ಹುಡುಗ, ಅವನ ಅಜ್ಜಿ. ಕಾರಿನಲ್ಲೇ ಎಂದು ಮಾತು ಕೊಟ್ಟಿದ್ದೆನಲ್ಲ, ಜಟಕಾಗಳ ಕಡೆ ನೋಡದೆ ಮೂವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ನಾನು ಮುಂದೆ ಕುಳಿತೆ. ಕಾರು ಹಿಂದಕ್ಕೆ ಹೊರಟಿತು. ತಿರುಗಿಸಿಕೊಳ್ಳುತ್ತಾರೆಂದು ಅವರು ಕಾದರು. ಅರ್ಧ ಫರ್ಲಾಂಗು ಕಾದರು.

"ಇದ್ಯಾಕೆ ಇಂಗೆ?" ಎಂದರು ಮೀಸೆಯವರು.

"ಅಮೆರಿಕದ ಕಾರು," ಎಂದೆ. ಇಂಥ ಸುಳ್ಳಿಗೆ ಸಿಸ್ಟರ್ ಏನು ಶಿಕ್ಷೆ ಕೊಡುತ್ತಿದ್ದರೆಂಬುದು ಚೆನ್ನಾಗಿ ನೆನಪಿತ್ತು.

ಅಷ್ಟರಲ್ಲಿ ಇವರ ಕತ್ತು ಎಡಕ್ಕೆ ಹಿಡಿದುಕೊಂಡಿತು. ನಮ್ಮ ಬೀದಿಗೆ ತಿರುಗುವಾಗ ಕನ್ನಡಿ ಕಾಣದಾಯಿತು. ನಾನು "ನಿಲ್ಸಿ! ನಿಲ್ಸಿ!" ಎನ್ನುವಷ್ಟರಲ್ಲಿ ಕಾರು ಪಿಳ್ಳಮ್ಮನವರ ಅಂಗಳದ ರಾಗಿ ಹುಲ್ಲಿನ ಮೆದೆಯೊಳಗೆ ಅರ್ಧದವರೆಗೆ ಹೊಕ್ಕು ನಿಂತಿತು. ತೆರೆದ ಕಿಟಕಿಗಳಿಂದ ಹುಲ್ಲು ಒಳಗೆ ಸುರಿಯಿತು. ಹಿಂದಿನ ಸೀಟಿನಲ್ಲಿ ಮೂವರು ನೆಂಟರಿದ್ದರು. ಈಗ ಒಂದು ಹೊರೆ ಹುಲ್ಲಿತ್ತು.

ಪಿಳ್ಳಮ್ಮನವರು ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತರು. ಈ ಸಲ ನೆಂಟರನ್ನು ಸ್ಟೇಷನ್ನಿನಿಂದ ಕಳಿಸಿದ್ದಲ್ಲ, ಮನೆಗೇ ಕರೆತಂದು ಹೂತುಹಾಕಿದ್ದೆ.

ಆಗ ಒಳಗಿನಿಂದ ಸರೋಜ ಓಡಿ ಬಂದಳು. ತಲೆ ತಗ್ಗಿಸಿ ಕಾಫಿ ತಟ್ಟೆ ಹಿಡಿದು ಬರಬೇಕಾದವಳು, ಸೀರೆ ಎತ್ತಿ ಕಟ್ಟಿ, ಹುಲ್ಲು ಬಗೆದು ಬಾಗಿಲು ತೆರೆದು ಅಜ್ಜಿಯನ್ನು ಎತ್ತಿ ನಿಲ್ಲಿಸಿದಳು. ಅಜ್ಜಿಯ ತುರುಬಿನಿಂದ ಒಂದೊಂದೇ ಹುಲ್ಲುಕಡ್ಡಿ ಆರಿಸಿದಳು. ಆರಿಸುತ್ತಾ ಆರಿಸುತ್ತಾ ನಗು ತಡೆಯಲಾರದೆ ನಕ್ಕುಬಿಟ್ಟಳು. ಅಜ್ಜಿ ಅವಳ ಮುಖ ನೋಡಿತು. ಬೊಚ್ಚು ಬಾಯಿ ಬಿಟ್ಟು ತಾನೂ ನಕ್ಕಿತು.

"ಓದ ಊರಲ್ಲೆಲ್ಲಾ ಉಡುಗೀರು ಬೊಂಬೆಯಂಗೆ ಕೂತಿದ್ರು ಕಣ್ಲಾ," ಎಂದಿತು ಮಗನಿಗೆ. "ಇವಳು ನನ್ನ ಎತ್ತವ್ಳೆ."

ಹುಡುಗ ಕಿವಿಯೊಳಗಿನ ಹುಲ್ಲು ತೆಗೆಯುತ್ತಾ ಸರೋಜಳನ್ನೇ ನೋಡುತ್ತಿದ್ದ. ಮೀಸೆಯವರು ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡರು.

ಸಂಜೆ ಅವರು ಜಟಕಾದಲ್ಲಿ ಸ್ಟೇಷನ್ನಿಗೆ ಹೊರಟ ಮೇಲೆ ಬಾಷಾ ಬಂದ. ಕತ್ತಿಗೆ ನೀಲಗಿರಿ ಎಣ್ಣೆ ಹಚ್ಚಿಸಿಕೊಂಡು, ಗೋಡೆಗೆ ಮುಖ ಮಾಡಿಯೇ ಇವರು ಬೈಯತೊಡಗಿದರು. "ಕೆಲಸ ಬರದಿದ್ರೆ ಬರಲ್ಲ ಅನ್ನಬೇಕಿತ್ತು ಬಾಷಾ! ಮರ್ಯಾದೆ ಹೋಯ್ತು!"

ಬಾಷಾ ತಲೆ ಬಗ್ಗಿಸಿ ನಿಂತ. ಟೋಪಿಯನ್ನು ಕೈಯಲ್ಲಿ ಮಡಿಸುತ್ತಿದ್ದ. "ಅಮ್ಮಾ, ಆ ಪುಸ್ತಕ ಇನ್ನೊಂದ್ಸಲ ಓದಿ. ನನ್ನಿಂದ ಏನ್ ತಪ್ಪಾಯ್ತು ನೋಡಾಣ."

ಕೈಪಿಡಿ ತಂದೆ. ಶುಚಿಗೊಳಿಸಬೇಕು ಎಂದಿದ್ದ ಪುಟದ ಹಿಂದೆ ಇನ್ನೊಂದು ಪುಟ ಹಳೆಯ ಎಣ್ಣೆಗೆ ಅಂಟಿಕೊಂಡಿರುವುದು ಆಗ ಕಂಡಿತು. ಮೆಲ್ಲನೆ ಬಿಡಿಸಿದೆ. ಮೊದಲ ಸಾಲೇ ದಪ್ಪ ಅಕ್ಷರದಲ್ಲಿತ್ತು. ಮನಸ್ಸಿನಲ್ಲೇ ಓದಿಕೊಂಡೆ. ಆ ಅಂಗಳದಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಪುಸ್ತಕ ಮುಚ್ಚಿ "ಏನೂ ಬರೆದಿಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಬಾಷಾನ ಟೋಪಿ ಇನ್ನೊಂದು ಮಡಿಕೆಗೆ ಬಂದಿತ್ತು.

ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ: "ಪಟ್ಟಿ ಹಾಗೂ ಬಿಲ್ಲೆಗಳ ಮೇಲಿರುವ ಕಂದು ಲೈನಿಂಗ್ ಪದರವನ್ನು ಯಾವ ಕಾರಣಕ್ಕೂ ನೀರಿನಲ್ಲಿ ನೆನೆಸಕೂಡದು. ಕೆರೆಯಕೂಡದು. ಅದು ಹಿಡಿದರೆ ಮಾತ್ರ ಕಾರು ಚಲಿಸುತ್ತದೆ: ಒಂದು ಪಟ್ಟಿಯಿಂದ ಮುಂದಕ್ಕೆ, ಇನ್ನೊಂದರಿಂದ ಹಿಂದಕ್ಕೆ."

ಇವರು ಕತ್ತಿನ ಸಮೇತ ಇಡೀ ಮೈ ತಿರುಗಿಸಿದರು. "ಯಾರು ಕೆರೆದದ್ದು?"

"ನಾನು," ಎಂದೆ. "ಮಗುಚುವ ಕೈಯಿಂದ. ಹಿಂದಕ್ಕೆ ಹೋಗುವ ಪಟ್ಟಿ ಒಂದು ಉಳೀತು. ಸಾರು ಉಕ್ಕಿತಲ್ಲ, ಅದಕ್ಕೆ."

ಬಾಷಾ ಟೋಪಿಯನ್ನು ಕೊಡವಿ ತಲೆಗಿಟ್ಟುಕೊಂಡ. ಇವರ ಬಾಯಿ ತೆರೆದೇ ಇತ್ತು; ಮಾತು ಮಾತ್ರ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಅಷ್ಟರಲ್ಲಿ ಪಿಳ್ಳಮ್ಮನವರು ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಬೆಲ್ಲದಚ್ಚು ಇಟ್ಟುಕೊಂಡು ಬಂದರು. "ಒಪ್ಕಂಡ್ರು ಕಣಕ್ಕಾ!" ಎಂದು ನನ್ನ ಕೈಗೆ ತಟ್ಟೆ ಕೊಟ್ಟರು. ಕಣ್ಣು ಒರೆಸಿಕೊಂಡು, ನಮ್ಮ ಮೂವರ ಮುಖ ನೋಡಿ ಏನೆಂದು ಕೇಳಿದರು. ಬಾಷಾ ಎಲ್ಲವನ್ನೂ ಹೇಳಿದ. ಅವರಿಗೆ ಒಂದಿಷ್ಟೂ ಆಶ್ಚರ್ಯವಾದಂತೆ ಕಾಣಲಿಲ್ಲ. ಜೋಡಿಸುವಾಗ ಮಿಕ್ಕು ಗೋಣಿಚೀಲದ ಮೇಲೆ ಉಳಿದಿದ್ದ ಹೊಳೆಯುವ ಬಿಲ್ಲೆಯೊಂದನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟು, ಹೊರಡುತ್ತಾ ಹೇಳಿದರು:

"ಓದ ತಿಂಗಳು ನಮ್ಮತ್ತೆ ಕಾಲದ ದೋಸೆ ಹೆಂಚು ತಕಂಡೋಗಿ ಇಂಗೇ ಅಲ್ವಾ ಅಕ್ಕಾ ಉಜ್ಜಿ ಕೊಟ್ಟಿದ್ದು? ನೀವು ತೊಳೆದ ಕಾರು ಹಿಡಿಯಾಕಿಲ್ಲ, ನೀವು ತೊಳೆದ ಹೆಂಚು ಬಿಡಾಕಿಲ್ಲ."