ಗರಿಗರಿ ಬಟಾಟೆ ಮತ್ತು ಅಮ್ಮನ ಹಲ್ಲು

ಉಡುಪಿ ಕಡೆಯವನೊಬ್ಬ ಮುಂಬಯಿಯ ಸುತ್ತಮುತ್ತ ಬದುಕುವುದರಲ್ಲಿ ಒಂದು ಸಣ್ಣ ತೊಂದರೆಯಿದೆ. ಅವನಿಗೆ ಅಡುಗೆ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ನಮ್ಮ ವಂಶದಲ್ಲಿ ಯಾರೂ ಹೋಟೆಲು ಇಟ್ಟವರಲ್ಲ, ನನ್ನ ಅಪ್ಪ ಶಾಲಾ ಮಾಸ್ತರರು, ನಾನು ತುರ್ಭೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದವನು ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಪಕ್ಕದ ಮೇಜಿನ ಪಾಟೀಲರು ಒಮ್ಮೆ ಬಂದು, ತಮ್ಮ ಹೆಂಡತಿ ಮಾಡುವ ದೋಸೆ ತವಾಕ್ಕೆ ಅಂಟಿಕೊಳ್ಳುತ್ತದೆ, ಏನು ಮಾಡಬೇಕು ಎಂದು ಕೇಳಿದರು. ನಾನು ಸ್ವಲ್ಪ ಯೋಚಿಸಿದವನಂತೆ ಕಣ್ಣು ಮುಚ್ಚಿ, ‘ತವಾ ಸರಿಯಾಗಿ ಕಾಯಬೇಕು’ ಎಂದೆ. ಯಾವ ಕಾಲಕ್ಕೂ ತಪ್ಪಾಗಲಾರದ ಮಾತು. ಮರುದಿನ ಅವರ ಹೆಂಡತಿಯಿಂದ ಧನ್ಯವಾದಗಳೂ ಬಂದವು. ಅಂದಿನಿಂದ ಕಚೇರಿಯಲ್ಲಿ ನಾನು ಅಡುಗೆ ಬಲ್ಲವನೇ ಆದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಮಾತ್ರ, ಹಾಲು ಉಕ್ಕದಂತೆ ನೋಡಿಕೊಳ್ಳುವ ಕೆಲಸವನ್ನು ಕೂಡ ನನಗೆ ಯಾರೂ ಕೊಡುತ್ತಿರಲಿಲ್ಲ.

ಇಂಥ ನಾನು ಒಂದು ದೀಪಾವಳಿಗೆ ಕಂಪನಿ ಕೊಟ್ಟ ಉಡುಗೊರೆಗಳಲ್ಲಿ ಕುಕ್ಕರು ಬಿಟ್ಟು ಓವನ್ ಆರಿಸಿಕೊಂಡು ಬಂದೆ. ಅದಕ್ಕೊಂದು ಗಾಜಿನ ಬಾಗಿಲಿತ್ತು, ಒಳಗೆ ದೀಪ ಹತ್ತುತ್ತಿತ್ತು, ನೋಡಲು ಚೆನ್ನಾಗಿತ್ತು. ನನ್ನ ಹೆಂಡತಿ ಸುಮನಾ ಧಾರವಾಡದವಳು. ಪೆಟ್ಟಿಗೆ ಬಿಚ್ಚಿದ್ದನ್ನು ನೋಡಿ, ‘ಇದರಾಗ ಭಕ್ಕರಿ ಆಗ್ತದೇನ್ರಿ?’ ಎಂದು ಕೇಳಿದಳು. ಜೋಳದ ರೊಟ್ಟಿ ಇದರಲ್ಲಿ ಆಗುವುದಿಲ್ಲ ಎಂದೆ. ಅಲ್ಲಿಗೆ ಅವಳ ಮಟ್ಟಿಗೆ ಆ ವಿಷಯ ಮುಗಿಯಿತು. ಓವನ್ ಫ್ರಿಜ್ಜಿನ ಪಕ್ಕದಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತು. ಕ್ರಮೇಣ ಅದರ ಹೊಟ್ಟೆಯೊಳಗೆ ಬ್ರೆಡ್ಡು, ಗುಜರಾತಿಗಳ ಒಣರೊಟ್ಟಿ ಖಾಖ್ರಾ, ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು ಸೇರಿಕೊಂಡವು. ಒಮ್ಮೆ ಅತಿಥಿಗಳಿಗೆ ತೋರಿಸುವ ಉತ್ಸಾಹದಲ್ಲಿ ನಾನು ಅದರ ಗುಂಡಿ ತಿರುಗಿಸಿ, ಖಾಖ್ರಾ ಪ್ಯಾಕೆಟ್ಟು ಕರಗಿ ಕಂಬಿಗೆ ಹಿಡಿದುಕೊಂಡ ಮೇಲೆ ಅದಕ್ಕೆ ಶಾಶ್ವತವಾಗಿ ಕಪಾಟಿನ ಪಟ್ಟ ದೊರೆಯಿತು.

ಇನ್ನು ಅಮ್ಮನ ವಿಷಯ ಹೇಳಬೇಕು. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಳು. ಆ ವರ್ಷ ಅವಳ ಉಳಿದ ಹಲ್ಲುಗಳನ್ನೂ ತೆಗೆಸಿ, ಕಲ್ಯಾಣದ ಒಬ್ಬ ದಂತವೈದ್ಯರಲ್ಲಿ ಪೂರ್ತಿ ಸೆಟ್ಟು ಕಟ್ಟಿಸಿದ್ದೆವು. ಹಲ್ಲಿಟ್ಟುಕೊಂಡ ಮೊದಲ ವಾರವೇ ಅಮ್ಮ ನಮ್ಮ ಸೊಸೈಟಿಯ ಹೆಂಗಸರ ಭಜನೆಗೆ ಹೋದಳು. ಹಾಡಿನ ಮಧ್ಯದಲ್ಲಿ ಕೆಳಗಿನ ಸಾಲು ಜಾರಿ ಟಕ್ ಎಂದು ಸದ್ದಾಯಿತು. ಯಾರೋ ನಕ್ಕರು. ಅಷ್ಟೇ ನಡೆದದ್ದು. ಮನೆಗೆ ಬಂದ ಅಮ್ಮ ಹಲ್ಲನ್ನು ಒಂದು ಸ್ಟೀಲಿನ ಡಬ್ಬಿಗೆ ಹಾಕಿ, ನೀರು ತುಂಬಿಸಿ, ಮುಚ್ಚಳ ಬಿಗಿದು ತನ್ನ ಕೋಣೆಯಲ್ಲಿಟ್ಟಳು. ‘ಸವಯ್ ಹೋಯೀಲ್ ಆಜಿ’, ಅಭ್ಯಾಸವಾಗುತ್ತದೆ ಅಜ್ಜಿ, ಎಂದು ವೈದ್ಯರು ಫೋನಿನಲ್ಲಿ ಸಮಾಧಾನ ಹೇಳಿದರು. ‘ಬೇಕಾದ್ರೆ ಆ ಡಾಕ್ಟರೇ ಇಟ್ಕೊಂಡು ಅಭ್ಯಾಸ ಮಾಡ್ಲಿ’ ಎಂದಳು ಅಮ್ಮ. ಭಜನೆಯವರು ಕರೆಯಲು ಬಂದಾಗಲೆಲ್ಲ ಮಂಡಿ ನೋವು ಎನ್ನುತ್ತಿದ್ದಳು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಬರಬರುತ್ತ ಮಾತೂ ಕಡಿಮೆಯಾಯಿತು. ಊಟವೆಂದರೆ ಗಂಜಿ, ಇಲ್ಲವೇ ಮಜ್ಜಿಗೆಯಲ್ಲಿ ಕಿವುಚಿದ ಅನ್ನ. ಹಪ್ಪಳ ಸಂಡಿಗೆಯಿಲ್ಲದೆ ಊಟಕ್ಕೇ ಕೂರದಿದ್ದ ಹೆಂಗಸು, ನಾವು ಹಪ್ಪಳ ಮುರಿದರೆ ಮುಖ ಆಚೆ ತಿರುಗಿಸುತ್ತಿದ್ದಳು. ರವಿಕೆಗಳೆಲ್ಲ ಸಡಿಲವಾದವು. ಸುಮನಾ ಅವುಗಳಿಗೆ ಹೊಸ ಹೊಲಿಗೆ ಹಾಕುತ್ತ, ‘ಹಿಂಗಾದ್ರ ಹೆಂಗ್ರೀ?’ ಎಂದು ನನ್ನನ್ನು ಕೇಳುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ನಮ್ಮ ಮಗಳು ನಿಧಿ ಟಿವಿಯಲ್ಲಿ ಒಂದು ಅಡುಗೆ ಕಾರ್ಯಕ್ರಮ ನೋಡಿದಳು. ಓವನ್‌ನಲ್ಲಿ ಹುರಿದ ಬಟಾಟೆ. ಹೊರಗೆ ಹೊಂಬಣ್ಣ, ಮೇಲೆ ಕರಗಿದ ಚೀಸು, ಅದರ ಮೇಲೆ ಉದುರಿಸಿದ ಯಾವುದೋ ಸೊಪ್ಪು. ನಿಧಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ‘ಪಪ್ಪಾ, ಯೇ ಬನಾವೋ ನಾ! ಓವನ್ ತೋ ಹೈ ಅಪ್ನಾ!’ ಎಂದಳು. ನಾನು ಸುಮನಾಳತ್ತ ನೋಡಿದೆ. ಅವಳು ಪೇಪರಿನಿಂದ ತಲೆಯೆತ್ತಲಿಲ್ಲ. ‘ಓವನ್ ತಂದಾವ್ರು ನೀವು, ನೀವ ಮಾಡ್ರಿ. ಇವತ್ತ ರವಿವಾರ, ನನಗೂ ರಜಾ ಅದ.’

ಬಟಾಟೆಯನ್ನು ಹುರಿಯುವುದರಲ್ಲಿ ಏನಿದೆ ಮಹಾ ಎಂದುಕೊಂಡೆ. ಓವನ್ನಿನ ಸಂಸಾರವನ್ನೆಲ್ಲ ಹೊರಗೆ ಹಾಕಿ, ಬಟಾಟೆ ಸುಲಿದು ಹೆಚ್ಚಿ, ಎಣ್ಣೆ ಸವರಿ, ತಟ್ಟೆಯ ತುಂಬ ಒಂದರ ಮೇಲೊಂದು ಪೇರಿಸಿದೆ. ಚೀಸನ್ನು ಮೊದಲೇ ತುರಿದು ಹಾಕಿದೆ. ಸೊಪ್ಪಿನ ಬದಲಿಗೆ, ಪಿಜ್ಜಾ ತರಿಸಿದಾಗಲೆಲ್ಲ ಬಂದು ಫ್ರಿಜ್ಜಿನ ಬಾಗಿಲಲ್ಲಿ ಗುಡ್ಡೆಯಾಗಿದ್ದ ಒರೆಗಾನೊ ಪುಡಿಯ ಪೊಟ್ಟಣಗಳನ್ನು ಹರಿದು ಸುರಿದೆ. ಆ ಪೊಟ್ಟಣಗಳನ್ನು ಯಾರೂ ಬಳಸುವುದಿಲ್ಲ, ಯಾರೂ ಎಸೆಯುವುದೂ ಇಲ್ಲ. ಅವಕ್ಕೂ ಒಂದು ಗತಿ ಕಾಣಿಸಿದ ತೃಪ್ತಿ ನನಗಾಯಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮಾತಿಲ್ಲದೆ ಎಲ್ಲವನ್ನೂ ನೋಡುತ್ತಿದ್ದಳು.

ಹೊರಬಂದದ್ದು ವಿಚಿತ್ರವಾಗಿತ್ತು. ಚೀಸು ಇದ್ದಿಲಾಗಿತ್ತು, ಅದರ ಕೆಳಗಿನ ಬಟಾಟೆ ಬೆವತುಕೊಂಡು ಮೆತ್ತಗೆ ಮಲಗಿತ್ತು. ‘ಇದು ಪಲ್ಯ ಆತಲ್ರೀ’ ಎಂದಳು ಸುಮನಾ. ನಿಧಿ ಒಂದು ಹೋಳನ್ನು ಬೆರಳಲ್ಲಿ ಒತ್ತಿ ನೋಡಿ ಟಿವಿಯತ್ತ ಹೋದಳು. ಅಮ್ಮ ಮಾತ್ರ ಬಟ್ಟಲು ಮುಂದೆ ಹಿಡಿದಳು. ಕರಕಲನ್ನು ಬಿಡಿಸಿ ಕೊಟ್ಟೆ. ಬಟ್ಟಲು ಖಾಲಿ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ‘ಭಾರೀ ಲಾಯ್ಕಾಗಿದೆ ಮಗ. ನಿನ್ನ ಕೈಯಲ್ಲಿ ರುಚಿ ಉಂಟು’ ಎಂದಳು. ಎಷ್ಟೋ ವಾರಗಳ ನಂತರ ಅವಳು ಆಡಿದ ಉದ್ದನೆಯ ಮಾತು ಅದು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮುಂದಿನ ವಾರವೆಲ್ಲ ನಾನು ಈ ವಿದ್ಯೆಯನ್ನು ಗಂಭೀರವಾಗಿ ತೆಗೆದುಕೊಂಡೆ. ಕಚೇರಿಯ ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆಯ ಹಿಂದೆ ಬಟಾಟೆಯ ವಿಧಾನವನ್ನು ತೆರೆದಿಟ್ಟುಕೊಂಡು ಓದಿದೆ. ಮೊದಲು ಉಪ್ಪುನೀರಿನಲ್ಲಿ ಅರ್ಧ ಬೇಯಿಸಬೇಕು. ನೀರು ಬಸಿದು, ಪಾತ್ರೆ ಮುಚ್ಚಿ ಜೋರಾಗಿ ಕುಲುಕಿದರೆ ಹೋಳುಗಳ ಅಂಚು ಕೆದರಿ ತರಿತರಿಯಾಗುತ್ತದೆ; ಆ ತರಿಯೇ ಆಮೇಲೆ ಗರಿಗರಿಯಾಗುವುದು. ಕಾದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಬೇಕು. ಚೀಸು ಕಡೆಗೆ. ಸೊಪ್ಪಿನ ಹೆಸರು ರೋಜ್‌ಮೆರಿ. ಡೊಂಬಿವಲಿ ಸ್ಟೇಷನ್ನಿನ ಹೊರಗಿನ ತರಕಾರಿಯವನನ್ನು ಕೇಳಿದೆ. ಅವನು ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಎತ್ತಿ ನನ್ನ ಚೀಲಕ್ಕೆ ಹಾಕುತ್ತ, ‘ಹೇಚ್ ತೇ ಸಾಹೇಬ್’, ಇದೇ ಅದು, ಎಂದ. ಕೊನೆಗೆ ವಾಶಿಯ ಮಾಲ್ ಒಂದರಲ್ಲಿ ಪ್ಲಾಸ್ಟಿಕ್ ತಟ್ಟೆಯೊಳಗೆ ತಣ್ಣಗೆ ಮಲಗಿದ್ದ ನಾಲ್ಕು ಕಡ್ಡಿ ರೋಜ್‌ಮೆರಿ ಸಿಕ್ಕಿತು.

ಅದನ್ನು ಬ್ಯಾಗಿನಲ್ಲಿಟ್ಟರೆ ಊಟದ ಡಬ್ಬಿಗೆ ಸಿಕ್ಕಿ ಜಜ್ಜಿಹೋದೀತೆಂದು ಠಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೈಯಲ್ಲೇ ಹಿಡಿದು ಕೂತೆ. ಎದುರಿಗಿದ್ದವರೊಬ್ಬರು ಬಹಳ ಹೊತ್ತು ಅದನ್ನೇ ನೋಡಿ, ‘ಭಾಯ್‌ಸಾಬ್, ಯೇ ಝಾಡೂ ಕಾ ಸ್ಯಾಂಪಲ್ ಹೈ ಕ್ಯಾ?’ ಎಂದು ಕೇಳಿದರು. ಹೌದು, ನೋಡಲು ಬೊಂಬೆಮನೆಯ ಪೊರಕೆಯ ಹಾಗೇ ಇತ್ತು. ಬಟಾಟೆಗೆ ಹಾಕಲು ವಾಶಿಯಿಂದ ಸೊಪ್ಪು ಒಯ್ಯುತ್ತಿದ್ದೇನೆ ಎನ್ನಲು ನಾಚಿಕೆಯಾಗಿ, ಔಷಧಿ ಎಂದೆ. ಯಾವುದಕ್ಕೆ ಎಂದರು. ಬಾಯಿಗೆ ಬಂದಂತೆ, ಕೂದಲಿಗೆ ಎಂದುಬಿಟ್ಟೆ. ಅವರು ಒಮ್ಮೆ ನನ್ನ ತಲೆಯ ಕಡೆಗೆ ನೋಡಿದರು. ಆಮೇಲೆ ಠಾಣೆ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತರು.

ಎರಡನೆಯ ಭಾನುವಾರ ಎಲ್ಲವೂ ವಿಧಾನದ ಪ್ರಕಾರವೇ ನಡೆಯಿತು. ಬಟಾಟೆ ಬಣ್ಣ ತಿರುಗತೊಡಗಿತ್ತು, ರೋಜ್‌ಮೆರಿಯ ಪರಿಮಳ ಮನೆಯೆಲ್ಲ ಹಬ್ಬಿತ್ತು, ನಿಧಿ ಗಾಜಿನ ಬಾಗಿಲಿಗೆ ಮೂಗು ಹಚ್ಚಿ ನಿಂತಿದ್ದಳು. ಆಗ ಫಕ್ಕನೆ ಓವನ್ನಿನ ದೀಪ ಆರಿತು, ತಲೆಯ ಮೇಲಿನ ಫ್ಯಾನು ನಿಂತಿತು, ಇಡೀ ಬಿಲ್ಡಿಂಗಿನ ಬಾಲ್ಕನಿಗಳಿಂದ ‘ಲೈಟ್ ಗೇಲೀ’ ಎಂಬ ಕೂಗು ಎದ್ದಿತು. ಆ ವರ್ಷಗಳಲ್ಲಿ ನಮ್ಮಲ್ಲಿ ಲೋಡ್ ಶೆಡ್ಡಿಂಗ್ ಊಟ ತಿಂಡಿಯಷ್ಟೇ ಮಾಮೂಲು. ಭಾನುವಾರ ಕರೆಂಟು ತೆಗೆಯಲಾರರು ಎಂದು ನಂಬಿದ್ದು ನನ್ನ ತಪ್ಪು. ಕರೆಂಟು ಬರುವಷ್ಟರಲ್ಲಿ ಬಟಾಟೆ ತನ್ನ ಹಬೆಯಲ್ಲೇ ನೆನೆದು ಮುದ್ದೆಯಾಗಿತ್ತು. ಅಮ್ಮ ಮತ್ತೆ ಬಟ್ಟಲು ಹಿಡಿದಳು. ‘ಮೊನ್ನೆಗಿಂತಲೂ ಲಾಯ್ಕುಂಟು’ ಎಂದಳು.

ಆ ದಿನ ಸುಮನಾ ನನ್ನನ್ನು ಬಾಲ್ಕನಿಗೆ ಕರೆದು, ‘ಗರಿಗರಿ ಗಿರಿಗಿರಿ ಏನೂ ಬ್ಯಾಡ. ಹಿಂಗ ಮೆತ್ತಗ ಮಾಡ್ರಿ. ಅತ್ತಿಯವರರ ನಾಲ್ಕು ತುತ್ತು ತಿಂತಾರ’ ಎಂದಳು. ನಿಧಿ ಒಪ್ಪಲಿಲ್ಲ. ‘ನೋ ಪಪ್ಪಾ, ಕ್ರಿಸ್ಪೀ ಬೋಲಾ ಥಾ!’ ಎಂದು ಜಗಳಕ್ಕೇ ನಿಂತಳು. ನನ್ನ ಸ್ಥಿತಿ ನೋಡಿ: ಕೆಟ್ಟಾಗಲೆಲ್ಲ ಹೊಗಳುವ ಒಬ್ಬಳು ಮನೆಯಲ್ಲಿದ್ದರೆ ಚೆನ್ನಾಗಿ ಮಾಡುವ ಧೈರ್ಯ ಯಾರಿಗಿರುತ್ತದೆ? ಕೊನೆಗೆ ಇಬ್ಬರಿಗೂ ಸರಿಹೋಗುವ ಉಪಾಯವೊಂದು ಹೊಳೆಯಿತು. ಸ್ವಲ್ಪ ಹೋಳುಗಳನ್ನು ಬೇರೆಯಾಗಿ ಚೆನ್ನಾಗಿ ಬೇಯಿಸಿ, ಚೀಸಿನ ಜೊತೆ ಕಿವುಚಿ ಅಮ್ಮನಿಗೆ. ಉಳಿದದ್ದು ನಮಗೆ.

ಮೂರನೆಯ ಸಲ ಕರೆಂಟು ಹೋಗಲಿಲ್ಲ. ಬಟಾಟೆ ಟಿವಿಯಲ್ಲಿ ತೋರಿಸಿದ ಹಾಗೆಯೇ ಬಂತು. ತಟ್ಟೆ ಮೇಜಿನ ಮೇಲಿಟ್ಟಾಗ ಹೋಳುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನಾವು ಮೂವರೂ ಒಟ್ಟಿಗೇ ಬಾಯಿಗೆ ಹಾಕಿಕೊಂಡೆವು. ನಿಧಿ ಕುರುಂ ಕುರುಂ ಎಂದು ಅಗಿಯುತ್ತ ಹೆಬ್ಬೆರಳು ಎತ್ತಿ ತೋರಿಸಿದಳು. ಸುಮನಾ ಕೂಡ ‘ಛಲೋ ಆಗ್ಯಾವ ನೋಡ್ರಿ’ ಎಂದಳು. ನಾನು ಹೆಮ್ಮೆಯಿಂದ ಅಮ್ಮನ ಮುಂದೆ ಅವಳ ಬಟ್ಟಲು ಇಟ್ಟೆ.

‘ಇದೆಂತ?’ ಎಂದಳು ಅಮ್ಮ.

‘ನಿಂಗೆ ಬೇರೆ ಮಾಡಿದ್ದು ಅಮ್ಮ. ಮೆತ್ತಗುಂಟು.’

‘ನಂಗೆ ಮಾತ್ರ ಬೇರೆ ಯಾಕೆ?’

ಅಮ್ಮ ಬಟ್ಟಲನ್ನು ನೋಡಿದಳು, ನಮ್ಮ ತಟ್ಟೆ ನೋಡಿದಳು. ಬಟ್ಟಲನ್ನು ಮೆಲ್ಲಗೆ ಮುಂದೆ ತಳ್ಳಿ, ಎದ್ದು ತನ್ನ ಕೋಣೆಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ನಾವು ಮೂವರೂ ಅಗಿಯುವುದನ್ನು ನಿಲ್ಲಿಸಿದೆವು. ಬಾಯಲ್ಲಿದ್ದದ್ದನ್ನು ಸದ್ದಿಲ್ಲದೆ ಅಗಿಯುವುದು ಹೇಗೆಂದು ತಿಳಿಯದೆ, ಉಗುಳಲೂ ಆಗದೆ, ದವಡೆಯಲ್ಲೇ ಇಟ್ಟುಕೊಂಡು ಕೂತೆವು. ಹೆತ್ತವಳಿಗೆ ಬೇರೆ ಬಟ್ಟಲು ಇಟ್ಟು ಅವಳ ಎದುರು ಕುರುಕುರು ತಿನ್ನುತ್ತ ಕೂರುವ ಬುದ್ಧಿ ನನಗೆ ಎಲ್ಲಿಂದ ಬಂತು? ಸುಮನಾ ಏಳಲು ಹೊರಟಳು. ಅಷ್ಟರಲ್ಲಿ ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಬಾಗಿಲು ತೆರೆಯಿತು. ಅಮ್ಮನ ಮುಖ ತುಂಬಿಕೊಂಡಿತ್ತು. ಎಷ್ಟೋ ತಿಂಗಳ ಹಿಂದಿನ ಮುಖ. ಬಂದು ತನ್ನ ಕುರ್ಚಿಯಲ್ಲಿ ಕೂತು, ‘ತಾ ಇಲ್ಲಿ’ ಎಂದು ದೊಡ್ಡ ತಟ್ಟೆಯನ್ನೇ ಎಳೆದುಕೊಂಡಳು. ಒಂದು ಹೋಳು ಬಾಯಿಗಿಟ್ಟು ಕಚ್ಚಿದಳು. ಕುರುಂ ಎಂದಿತು. ಅದರ ಹಿಂದೆಯೇ ಟಕ್ ಎಂಬ ಇನ್ನೊಂದು ಸದ್ದು. ನಾನು ಫ್ಯಾನು ನೋಡಿದೆ, ಸುಮನಾ ನೆಲ ನೋಡಿದಳು. ನಿಧಿ ಮಾತ್ರ ತಡೆಯಲಾಗದೆ ಕಿಸಕ್ಕೆಂದು ನಕ್ಕುಬಿಟ್ಟಳು. ಅಮ್ಮ ಅವಳನ್ನು ನೋಡಿ, ಬಟಾಟೆಯನ್ನು ಕೆನ್ನೆಯ ಪಕ್ಕಕ್ಕೆ ಸರಿಸಿ, ತಾನೂ ನಗತೊಡಗಿದಳು. ಕೈ ಅಭ್ಯಾಸದಂತೆ ಬಾಯಿಯ ಕಡೆ ಏರಿತು, ಅರ್ಧದಲ್ಲೇ ದಾರಿ ಬದಲಿಸಿ ಇನ್ನೊಂದು ಹೋಳು ಎತ್ತಿಕೊಂಡಿತು.

ತಟ್ಟೆ ಅರ್ಧ ಖಾಲಿಯಾದ ಮೇಲೆ, ‘ಹೇಗಾಗಿದೆ ಅಮ್ಮ?’ ಎಂದು ಕೇಳಿದೆ.

‘ಉಪ್ಪು ಸಾಲ್ದು’ ಎಂದಳು ಅಮ್ಮ. ‘ಆ ಸೊಪ್ಪು ಕಷಾಯದ ವಾಸನೆ. ಸ್ವಲ್ಪ ಕರಿಬೇವು ಹಾಕಿದ್ರೆ ಸಾಕಿತ್ತು. ಆದ್ರೂ ಮೊದಲು ಎರಡು ಸಲ ಮಾಡಿದ್ದಕ್ಕಿಂತ ಅಡ್ಡಿಲ್ಲ. ಅದನ್ನು ಬಾಯಿಗೆ ಇಡ್ಲಿಕ್ಕಾಗ್ತಿರ್ಲಿಲ್ಲ ಮಾರಾಯ. ನಿಂಗೆ ಬೇಜಾರಾಗುದು ಬೇಡ ಅಂತ ನುಂಗಿದ್ದು.’

ಸುಮನಾ ನಗು ತಡೆಯಲು ಅಡುಗೆಮನೆಗೆ ಹೋದಳು. ಅವಳ ನಗು ಹೆಚ್ಚು ದಿನ ಉಳಿಯಲಿಲ್ಲ. ಹಲ್ಲು ಬಾಯಿಗೆ ಒಗ್ಗುತ್ತ ಬಂದ ಹಾಗೆ ಅಮ್ಮ ಭಕ್ಕರಿ ದಪ್ಪವಾಯಿತು, ಕೋಸಂಬರಿಗೆ ಕಡಲೆಬೇಳೆ ನೆನೆಯಲಿಲ್ಲ, ಈ ಹಪ್ಪಳ ಯಾವ ಅಂಗಡಿಯದ್ದು ಎಂದು ದಿನವೂ ವಿಚಾರಣೆ ಶುರುಮಾಡಿದಳು. ‘ನಿಮ್ಮ ಬಟಾಟಿ ಮಾಡಿದ ಕೆಲಸ ಇದು’ ಎಂದು ಸುಮನಾ ನನ್ನನ್ನು ದೂರುತ್ತಿದ್ದಳು. ಹೀಗೆ ದೂರುತ್ತಲೇ ರವಿಕೆಗಳಿಗೆ ಹಾಕಿದ್ದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

ಅಮ್ಮ ಭಜನೆಗೂ ಹೋದಳು. ಹೋದವಳು ಮುಂದಿನ ವಾರದ ಭಜನೆ ನಮ್ಮ ಮನೆಯಲ್ಲೇ ಎಂದು ಹೇಳಿ ಬಂದಳು; ಪ್ರಸಾದದ ನಂತರ ಬಟಾಟೆ ಎಂದೂ ಹೇಳಿದ್ದಳು. ಅಂದು ನಾನು ಮಧ್ಯಾಹ್ನದಿಂದಲೇ ಓವನ್ನಿನ ಮುಂದೆ ನಿಂತು ತಟ್ಟೆಯ ಮೇಲೆ ತಟ್ಟೆ ಹುರಿದೆ. ಬೆರಳು ಸುಟ್ಟುಕೊಂಡೆ. ಕರಿಬೇವು ಹಾಕಿದೆ, ಉಪ್ಪು ಹೆಚ್ಚಿಸಿದೆ. ಹೊರಗೆ ಹಾಡು ಮುಗಿದು, ಹದಿನೈದು ಹೆಂಗಸರು ಒಟ್ಟಿಗೆ ಅಗಿಯುವ ಸದ್ದು ಹಾಲ್ ತುಂಬಿತು. ಆ ಗದ್ದಲದಲ್ಲಿ ಯಾರ ಹಲ್ಲಿನ ಸದ್ದು ಯಾವುದೆಂದು ಹೇಳುವ ಹಾಗಿರಲಿಲ್ಲ. ನಾನು ಬೆವರು ಒರೆಸಿಕೊಂಡು ಇನ್ನೊಂದು ತಟ್ಟೆಯೊಂದಿಗೆ ಬಾಗಿಲಿಗೆ ಬಂದಾಗ, ಕೆಳಗಿನ ಮಹಡಿಯ ಕಮಲಕ್ಕ ಕೇಳುತ್ತಿದ್ದರು: ‘ಇದನ್ನು ಮಾಡ್ಲಿಕ್ಕೆ ನಿಮ್ಮ ಮಗ ಎಲ್ಲಿ ಕಲಿತದ್ದು?’

‘ಕಲಿಯುದೆಂತ?’ ಎಂದಳು ಅಮ್ಮ. ‘ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಎಲ್ಲ ನಾನೇ ಹೇಳಿಕೊಟ್ಟದ್ದು. ಮೂರು ವಾರ ಬೇಕಾಯ್ತು ಇವನಿಗೆ.’

ಕಮಲಕ್ಕ ನನ್ನತ್ತ ತಿರುಗಿ, ‘ಪುಣ್ಯ ಮಾಡಿದ್ದೀರಿ. ಇಷ್ಟು ತಾಳ್ಮೆಯಿಂದ ಕಲಿಸುವ ಅಮ್ಮ ಯಾರಿಗೆ ಸಿಗ್ತಾರೆ?’ ಎಂದರು. ಹೌದು ಎಂದೆ. ಅಮ್ಮ ತನ್ನ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿದಳು.