ಪರದೆಗೆ ಕೈ ಹಾಕಿದವರು

ಪ್ರೋಗ್ರಾಂ ಬರೆಯುವವನ ಬದುಕಿನಲ್ಲಿ ನಗೋದಕ್ಕೆ ಏನಿರುತ್ತದೆ ಅಂತ ನೆಂಟರು ಕೇಳುತ್ತಾರೆ. ಕೂಡ್ಲಿಗಿಯಲ್ಲಿ ಕೂತು ಸುತ್ತಲಿನ ತಾಲೂಕುಗಳ ಅಂಗಡಿ, ದವಾಖಾನೆಗಳಿಗೆ ಪ್ರೋಗ್ರಾಂ ಮಾಡಿಕೊಡುವುದು ನನ್ನ ಕೆಲಸ. ತಪ್ಪು ಮಾಡುವುದು ನಾನು; ಅದನ್ನು ಮರೆಯಲಾಗದ ಹಾಗೆ ಮಾಡುವವರು ಗಿರಾಕಿಗಳು.

ಭಾರದ ಆಟೋ

ಕೊಟ್ಟೂರಿನಲ್ಲಿ ಲಾರಿ ತೂಗುವ ಕಾಟಾ ಇಟ್ಟಿರುವ ಯಜಮಾನರಿಗೆ ಮೊದಲ ಪ್ರೋಗ್ರಾಂ ಬರೆದೆ. ಯಂತ್ರದಿಂದ ತೂಕ ಓದುವುದು, ಪರದೆ ಮೇಲೆ ತೋರಿಸುವುದು, ಎರಡನ್ನೂ ಒಂದೇ ಕೆಲಸಕ್ಕೆ ಗಂಟು ಹಾಕಿದ್ದೆ. ಯಂತ್ರ ಉತ್ತರ ಕೊಡಲು ತಡಮಾಡಿದರೆ ಪರದೆಯೂ ಅಲ್ಲೇ ನಿಲ್ಲುತ್ತಿತ್ತು.

ಒಂದು ದಿನ ಮೆಕ್ಕೆಜೋಳದ ಲಾರಿ ತೂಗಿಸಿಕೊಂಡು ಹೋಯಿತು. ಹಿಂದೆಯೇ ನಾಲ್ಕು ಚೀಲ ಉಳ್ಳಾಗಡ್ಡಿ ಹೇರಿದ ಲಗೇಜ್ ಆಟೋ ಬಂತು. ಪರದೆ ಆಗಷ್ಟೇ ಹೋದ ಲಾರಿಯ ಹದಿನಾಲ್ಕು ಟನ್ನೇ ತೋರಿಸುತ್ತಿತ್ತು. ಯಜಮಾನರು ಅದನ್ನೇ ಓದಿ ಹೇಳಿದರು.

ಡ್ರೈವರ್ ಇಳಿದು ಟೈರು ನೋಡಿದ. "ಅದಕ್ಕ ನೋಡ್ರಿ, ಏರಿನ್ಯಾಗ ಗಾಡಿ ಎಳೀತಿರ್ಲಿಲ್ಲ" ಅಂದ.

ದಾರದ ರಿಪೇರಿ

ಆಮೇಲೆ ತೂಕ ಓದುವುದನ್ನು ಬೇರೆ ಮಾಡಿ, ಹಿಂಬದಿಯಲ್ಲಿ ತನ್ನಷ್ಟಕ್ಕೆ ಓಡಲು ಬಿಟ್ಟೆ. ಹೀಗೆ ಬೇರೆಯಾಗಿ ಓಡುವ ಕೆಲಸಕ್ಕೆ ನಮ್ಮವರು ಥ್ರೆಡ್ ಅನ್ನುತ್ತಾರೆ. ಆದರೆ ಪರದೆಯ ಮೇಲೆ ಬರೆಯುವ ಹಕ್ಕು ಪ್ರೋಗ್ರಾಂ ಶುರುವಾಗುವ ಮುಖ್ಯ ಥ್ರೆಡ್ಡಿಗೆ ಮಾತ್ರ. ನನ್ನ ಹಿಂಬದಿಯ ಥ್ರೆಡ್ ನೇರವಾಗಿ ಪರದೆಗೆ ಕೈ ಹಾಕಿತು, ಪ್ರೋಗ್ರಾಂ ನಿಂತಿತು.

ಯಜಮಾನರ ಫೋನು: "ಕ್ರಾಸ್ ಥ್ರೆಡ್ ಅಂತ ಬರದು ಬಂದ್ ಆಗೈತ್ರಿ."

"ಥ್ರೆಡ್ ಅಡ್ಡ ಹಾಯ್ದೈತ್ರಿ. ಬಸ್ ಹತ್ತಿ ಬರ್ತೀನಿ, ಯಾರೂ ಮುಟ್ಟಬ್ಯಾಡ್ರಿ" ಅಂದೆ.

ಹೋಗಿ ನೋಡಿದರೆ ಕಂಪ್ಯೂಟರಿನ ಡಬ್ಬಿ ಬಿಚ್ಚಿತ್ತು. ಪಕ್ಕದ ಅಂಗಡಿಯ ಟೇಲರ್ ಸಾಹೇಬರು ಬ್ಯಾಟರಿ ಬೆಳಕು ಬಿಟ್ಟುಕೊಂಡು ಒಳಗೆ ಇಣುಕುತ್ತಿದ್ದರು.

"ಥ್ರೆಡ್ ಅಂದ್ರ ದಾರ ಅಲ್ಲೇನ್ರಿ?" ಅಂದರು ಯಜಮಾನರು. "ದಾರದ ಕೆಲಸ ಇವರಿಗಿಂತ ಯಾರಿಗೆ ಗೊತ್ತೈತಿ?"

ಸಾಹೇಬರು ಜೇಡರ ಬಲೆಯ ಒಂದು ಎಳೆ ಹಿಡಿದು ತೆಗೆದರು. "ಇದೇ ನೋಡ್ರಿ. ಈಗ ಹಚ್ರಿ."

ಕಂಪ್ಯೂಟರ್ ಹಚ್ಚಿದೆವು. ಓಡಿತು. ಇಂಥ ತಪ್ಪು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಅದನ್ನು ಯಾರಿಗೆ ಹೇಳಲಿ? ಅಲ್ಲೇ ಕೂತು, ಹಿಂಬದಿಯ ಥ್ರೆಡ್ ತೂಕವನ್ನು ಮುಖ್ಯ ಥ್ರೆಡ್ಡಿಗೆ ಒಪ್ಪಿಸಬೇಕು, ಪರದೆಗೆ ಬರೆಯುವುದು ಮುಖ್ಯದ್ದೇ, ಅಂತ ತಿದ್ದಿದೆ. ಪ್ರೋಗ್ರಾಂ ಇವತ್ತಿನವರೆಗೂ ನಿಂತಿಲ್ಲ.

ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ: "ಟೇಲರ್ ರಿಪೇರಿ ಮಾಡಿದ್ಮ್ಯಾಲೆ ಒಂದಿನಾನೂ ತ್ರಾಸಿಲ್ರಿ."

ಇನ್ನೊಮ್ಮೆ ಒತ್ರಿ

ಹಡಗಲಿಯ ಒಂದು ದವಾಖಾನೆಗೆ ಟೋಕನ್ ಕೂಗುವ ಪ್ರೋಗ್ರಾಂ ಕೊಟ್ಟೆ. ನರ್ಸಮ್ಮ ಗುಂಡಿ ಒತ್ತಿದರೆ ನಂಬರ್ ಬದಲಾಗಿ, ಸ್ಪೀಕರ್ ಅದನ್ನು ಕೂಗಬೇಕು. ಕೂಗುವುದು ಏನು ಮಹಾ ಅಂತ ಸೋಮಾರಿತನದಿಂದ ಅದನ್ನೂ ಮುಖ್ಯ ಥ್ರೆಡ್ಡಿಗೇ ಅಂಟಿಸಿದ್ದೆ.

ಮೊದಲ ದಿನ ನಾನೂ ಅಲ್ಲೇ ಇದ್ದೆ. ಇಪ್ಪತ್ತನೇ ನಂಬರಿಗೆ ಸ್ಪೀಕರಿನ ವೈರು ಸಡಿಲಾಗಿ, ಕೂಗು ಮುಗಿಯದೆ ಪರದೆಯೂ ನಿಂತುಬಿಟ್ಟಿತು.

"ಒತ್ತಿದ್ರ ಏನೂ ಆಗವಲ್ದ್ರಿ" ಅಂದರು ನರ್ಸಮ್ಮ.

ನಾನು ಮೇಜಿನ ಕೆಳಗೆ ವೈರು ಹಿಡಿದಿದ್ದೆ. "ಇನ್ನೊಮ್ಮೆ ಒತ್ರಿ."

"ಒತ್ತೀನ್ರಿ."

"ಇನ್ನೊಮ್ಮೆ."

ಹೀಗೆ ಹತ್ತು ಸಲ ಆಯಿತು. ನಿಂತ ಪ್ರೋಗ್ರಾಂ ಒಂದು ಒತ್ತನ್ನೂ ಮರೆಯುವುದಿಲ್ಲ, ಸಾಲಾಗಿ ಜೋಡಿಸಿಟ್ಟುಕೊಳ್ಳುತ್ತದೆ ಅನ್ನುವುದು ನನಗೆ ನೆನಪಾಗುವಷ್ಟರಲ್ಲಿ ವೈರು ಕೂತಿತು. ಸ್ಪೀಕರ್ ಇಪ್ಪತ್ತೊಂದು ಅಂತು, ಇಪ್ಪತ್ತೆರಡು ಅಂತು; ಮೂವತ್ತರವರೆಗೂ ನಿಲ್ಲಲಿಲ್ಲ. ತಮ್ಮ ನಂಬರ್ ಕೇಳಿದ ಮೇಲೆ ಯಾರು ಕೂರುತ್ತಾರೆ? ಹತ್ತೂ ಮಂದಿ ಎದ್ದು ಡಾಕ್ಟರ ಕೋಣೆಗೆ ನುಗ್ಗಿದರು. ತಡೆಯಲು ಹೋದ ನನ್ನನ್ನೂ ನೂಕಿಕೊಂಡು ಹೋಗಿ, ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕೂರಿಸಿದರು.

ಡಾಕ್ಟರಿಗೆ ವಯಸ್ಸಾಗಿತ್ತು, ಅವಸರ ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಎಲ್ಲರನ್ನೂ ನೋಡಿ, ನನ್ನ ಕೈ ಹಿಡಿದು ನಾಡಿ ಎಣಿಸಿದರು.

"ಡಾಕ್ಟ್ರೇ, ನಾನು ಪೇಶಂಟ್ ಅಲ್ರಿ. ಈ ಪ್ರೋಗ್ರಾಂ ಬರೆದವನು" ಅಂದೆ.

ಅವರು ಕೈ ಬಿಡಲಿಲ್ಲ. "ಎಷ್ಟು ದಿನದಿಂದ ಐತಿ ಇದು?" ಅಂದರು.