ನನ್ನ ಮನೆಗೆ ನಾನೇ ಬರೆದ ಜಾಹೀರಾತು

ಜೂನ್ ಒಂಬತ್ತು, ಸೋಮವಾರ, ಬೆಳಗ್ಗೆ ಹತ್ತೂ ಇಪ್ಪತ್ತು. ಶುರುವಾದದ್ದು ಆಗ. ಯಾವುದಕ್ಕೇ ಆಗಲಿ ದಿನಾಂಕ, ಗಂಟೆ ಬರೆದಿಡದಿದ್ದರೆ ಅದು ನಡೆದೇ ಇಲ್ಲವೇನೋ ಎಂದು ನನಗೆ ಅನುಮಾನ. ಹಾಲು ಒಡೆದದ್ದಕ್ಕೂ ಗೆಳತಿ ಮುನಿಸಿಕೊಂಡದ್ದಕ್ಕೂ ನನ್ನ ದಿನಚರಿಯಲ್ಲಿ ಗಂಟೆಸಹಿತ ದಾಖಲೆಯಿದೆ. "ನಿನ್ನನ್ನು ಕಟ್ಟಿಕೊಳ್ಳುವವನು ವಕೀಲನೇ ಆಗಿರಬೇಕು, ಬೇರೆಯವರು ವಾದದಲ್ಲಿ ಬದುಕಿ ಉಳಿಯುವುದಿಲ್ಲ" ಎಂದು ಅಮ್ಮ ಹೇಳುತ್ತಾಳೆ. ಇಷ್ಟೆಲ್ಲ ಅಚ್ಚುಕಟ್ಟಿನ ನಾನು ನನ್ನ ಮನೆಯನ್ನೇ ನೋಡಿ ಗುರುತು ಹಿಡಿಯಲಿಲ್ಲ ಎಂಬುದನ್ನು ಹೇಗೆ ಹೇಳಲಿ?

ಬಾಡಿಗೆ ಮನೆ ಹುಡುಕಿಕೊಡುವ ಒಂದು ಸ್ಟಾರ್ಟಪ್ಪಿಗೆ ನಾನು ಬರೆಯುತ್ತೇನೆ. ಮುಂಬಯಿಯ ದಾದರಿನಲ್ಲಿ ಸೀರೆ ಅಂಗಡಿಯೊಂದರ ಮೇಲೆ ಅದರ ಕಚೇರಿ. ಅಲ್ಲಿರುವುದು ಒಂದು ಮೇಜು, ಅದರ ಹಿಂದೆ ರೋಶನ್. ಮಂಗಳೂರು ಕಡೆಯವರ ಮಗ, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಮಿಕ್ಕ ನಾವೆಲ್ಲ ಫ್ರೀಲಾನ್ಸ್. ಫೋಟೋ ತೆಗೆಯುವವನು ಒಬ್ಬ, ಫೋನು ಎತ್ತುವವಳು ಇನ್ನೊಬ್ಬಳು, ಮನೆ ತೋರಿಸುವವನು ಮತ್ತೊಬ್ಬ. ಬಾಡಿಗೆಗೆ ಬರುವವರೊಡನೆ ಅವರವರ ಮನೆಮಾತಿನಲ್ಲೇ ಮಾತಾಡಬೇಕೆಂಬುದು ರೋಶನ್‌ನ ಹಟ, ಹಾಗಾಗಿ ಬರೆಯಲು ಮರಾಠಿಗೊಬ್ಬರು, ಗುಜರಾತಿಗೊಬ್ಬರು, ಕನ್ನಡಕ್ಕೆ ನಾನು. ನಾವು ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಕನ್ನಡ ಓದಲು ಬಾರದ ರೋಶನ್ ನಾನು ಕಳಿಸಿದ್ದನ್ನೆಲ್ಲ ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ, "ಓದ್ಲಿಕ್ಕೆ ಬರುದಿಲ್ಲ, ಲೇಕಿನ್ ನೋಡ್ಲಿಕ್ಕೆ ಮಸ್ತ್ ಉಂಟು" ಎಂದು ಒಪ್ಪಿಗೆ ಕೊಡುತ್ತಾನೆ. ಮನೆಯನ್ನು ನಾನೂ ನೋಡಿರುವುದಿಲ್ಲ. ಫೋಟೋ ನೋಡಿ ಬರೆಯುವುದಷ್ಟೆ. ಇಕ್ಕಟ್ಟಾಗಿದ್ದರೆ ಅದು ಅಚ್ಚುಕಟ್ಟಾದ ಮನೆ. ಕಿಟಕಿಯಿಲ್ಲದಿದ್ದರೆ ಯಾರ ಕಣ್ಣೂ ಬೀಳದ ಏಕಾಂತ. ರೈಲು ಹಳಿಗೆ ಅಂಟಿಕೊಂಡಿದ್ದರೆ ಸ್ಟೇಷನ್ ಎರಡೇ ಹೆಜ್ಜೆ. ಹೀಗೆ ನಾನು ಹೊಗಳಿದ ಕೆಲವು ಮನೆಗಳಿಗೆ ಹೋದವರು ನನ್ನನ್ನು ಏನೆಂದುಕೊಂಡಿರಬಹುದೋ, ಯೋಚಿಸುವ ಧೈರ್ಯ ಮಾಡಿಲ್ಲ.

ಆ ಸೋಮವಾರ ಬಂದದ್ದು ಕಾಂದಿವಲಿಯ ಒಂದು ರೂಮು, ಒಂದು ಕಿಚನ್ನಿನ ಮನೆಯ ಫೋಟೋಗಳು. ಮೊದಲ ಫೋಟೋದಲ್ಲಿ ಕುರ್ಚಿಯ ಮೇಲೆ ಮಡಚದ ಬಟ್ಟೆಯ ರಾಶಿ. 'ಪಾಪ, ಯಾರೋ ಸೋಂಬೇರಿ' ಎಂದುಕೊಂಡೆ. ಎರಡನೆಯದರಲ್ಲಿ ಹಸಿರು ಬಕೆಟ್ಟು, ಅದರ ಮುರಿದ ಹಿಡಿಗೆ ಕೆಂಪು ದಾರ. ನಮ್ಮ ಮನೆಯಲ್ಲೂ ಇಂಥದೇ ಇದೆಯಲ್ಲ ಎಂದು ಕೊಂಚ ಖುಷಿಯೇ ಆಯಿತು. ಮೂರನೆಯದರಲ್ಲಿ ಕಿಟಕಿಯ ಪರದೆಯನ್ನು ಪಕ್ಕಕ್ಕೆ ಹಿಡಿದ ಒಂದು ಕೈ. ಆ ಕೈಯಲ್ಲಿದ್ದ ಗಡಿಯಾರವನ್ನು ನೋಡಿ, ನನ್ನ ಮಣಿಕಟ್ಟು ನೋಡಿಕೊಂಡೆ.

ಹಿಂದಿನ ಶನಿವಾರ ಮಾಲೀಕರಾದ ವಾರಿಜಕ್ಕ "ನಿನ್ನ ಮನೆ ನೋಡ್ಲಿಕ್ಕೆ ಜನ ಕಳಿಸ್ತೇನೆ" ಎಂದು ಫೋನು ಮಾಡಿದ್ದರು. ಅಡುಗೆಮನೆಯ ಮೂಲೆ ಸೋರುವುದರ ಬಗ್ಗೆ ನಾನು ಬರೆದು ಬರೆದು ಕಳಿಸಿದ್ದಕ್ಕೆ ಕೊನೆಗೂ ಫಲ ಸಿಕ್ಕಿತೆಂದು ಭಾವಿಸಿದೆ. ಬಂದವನ ಕುತ್ತಿಗೆಯಲ್ಲಿ ಭಾರೀ ಕ್ಯಾಮೆರಾ ಇತ್ತು. ಸೋರುವುದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರಪ್ಪ ಎಂದು ಮನಸ್ಸು ತುಂಬಿಬಂದು ಅವನಿಗೆ ಚಹಾ ಮಾಡಿಕೊಟ್ಟೆ. ಬೆಳಕು ಸಾಲದು ಎಂದಾಗ ಪರದೆ ಹಿಡಿದು ನಿಂತೆ. ನಮ್ಮ ಸ್ಟಾರ್ಟಪ್ಪಿನ ಫೋಟೋದವನನ್ನು ನಾನು ಮೊದಲ ಸಲ ಕಂಡದ್ದು ಹಾಗೆ.

ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುತ್ತ ಬಂದಿತ್ತು. ಈ ಊರಿನಲ್ಲಿ ಆ ಹೊತ್ತಿಗೆ ಮಾಲೀಕರೂ ಬಾಡಿಗೆಯವರೂ ಇಬ್ಬರೂ ಗಪ್‌ಚಿಪ್. ಮೊದಲು ಬಾಯಿಬಿಟ್ಟವರು ಸೋತ ಹಾಗೆ. ನಾನೂ ಬಾಯಿ ಮುಚ್ಚಿಕೊಂಡು, ಅವರೇ 'ಇರು' ಎನ್ನಲಿ ಎಂದು ಕಾಯುತ್ತಿದ್ದೆ. ಅವರು ನೋಡಿದರೆ ಮನೆಯನ್ನೇ ಜಾಹೀರಾತಿಗೆ ಹಾಕಿದ್ದರು. ಒಂಟಿ ಹುಡುಗಿಗೆ ಮನೆ ಕೊಡುವವರನ್ನು ಹುಡುಕಿ ನಾನು ಎಷ್ಟು ಮೆಟ್ಟಿಲು ಹತ್ತಿಳಿದಿದ್ದೆನೋ. ಮತ್ತೆ ಅದೇ ಪಾಡು ಎಂದುಕೊಂಡಾಗ ಕಣ್ಣು ಮಂಜಾಯಿತು. ರೋಶನ್‌ಗೆ ಫೋನು ಮಾಡಿದೆ.

"ರೋಶನ್, ಇದು ನಾನಿರುವ ಮನೆ."

"ಅರೇ ವ್ಹಾ! ಫಸ್ಟ್ ಟೈಮ್ ನಮ್ಮ ರೈಟರ್ ಮನೆ ನೋಡಿ ಬರೀತಾರೆ. ಫೀಲ್ ಬರ್ತದೆ ಅದ್ರಲ್ಲಿ."

"ನನ್ನನ್ನು ಮನೆ ಬಿಡಿಸಲು ನಾನೇ ಬರೆಯಬೇಕೇನಪ್ಪ?"

ಅವನ ದನಿ ಇಳಿಯಿತು. ಒಳ್ಳೆಯ ಹುಡುಗ. "ಬೇರೆಯವರಿಗೆ ಕೊಡ್ತಿದ್ದೆ ಸುಮಾಜೀ. ಲೇಕಿನ್ ಕನ್ನಡಕ್ಕೆ ನೀವು ಒಬ್ರೇ ಅಲ್ವಾ? ಓನರ್‌ಗೆ ಕನ್ನಡದಲ್ಲೇ ಬೇಕಂತೆ. ಅವರಿಗೆ ಬೇರೆ ಓದ್ಲಿಕ್ಕೆ ಬರುದಿಲ್ಲ."

ಯಾರೂ ಬರದಂತೆ ಕೆಟ್ಟದಾಗಿ ಬರೆದುಬಿಡೋಣ ಎಂದು ಕುಳಿತೆ. 'ಸೋರುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ.' ಓದಿದರೆ, ವಾರಿಜಕ್ಕನಿಗೆ ನಾನು ಕಳಿಸುತ್ತಿದ್ದ ದೂರಿನ ಹಾಗೇ ಇತ್ತು. ಅಳಿಸಿದೆ. ಅದೇನಾಯಿತೋ, ಸಂಜೆಯ ಬಿಸಿಲು ಅಡುಗೆಕಟ್ಟೆಯ ಮೇಲೆ ಬಂದು ಕೂರುವುದನ್ನು ಬರೆದೆ. ಕಿಟಕಿಯ ಸರಳಿಗೆ ತಲೆ ಒರಗಿಸಿದರೆ ಕೆಳಗಿನ ಮನೆಯ ಒಗ್ಗರಣೆಯ ಘಮ ಬರುವುದನ್ನು ಬರೆದೆ. ಎದುರು ಮನೆಯ ಅಜ್ಜಿ ನಾನು ಬರುವುದು ತಡವಾದರೆ ಬಾಗಿಲಲ್ಲೇ ಕುಳಿತಿರುತ್ತಾಳೆ, ಬಂದ ಮೇಲೆ ಬೈದು ಒಳಗೆ ಹೋಗುತ್ತಾಳೆ ಎಂದೂ ಬರೆದೆ. 'ಮಳೆಗಾಲದಲ್ಲೂ ಬೆಚ್ಚಗಿರುವ ಮನೆ' ಎಂಬ ಸಾಲು ಮಾತ್ರ ಕೈಯ ಅಭ್ಯಾಸಬಲದಿಂದ ಬಂದದ್ದು. ಕಳಿಸಿದ ಮೇಲೆ ಹೊಳೆಯಿತು, ಈ ಮನೆ ನನಗೆ ಇಷ್ಟವೆಂದು ನಾನು ಈವರೆಗೆ ಯಾರಿಗೂ, ದಿನಚರಿಗೂ, ಹೇಳಿರಲಿಲ್ಲ.

ಗುರುವಾರ ರೋಶನ್‌ನ ಫೋನು. "ಸುಪರ್‌ಹಿಟ್ ಸುಮಾಜೀ! ಮನೆ ನೋಡ್ಲಿಕ್ಕೆ ಪಾರ್ಟಿ ಬರ್ತಾ ಉಂಟು. ತೋರಿಸುವವನು ಗಾಂವ್‌ಗೆ ಹೋಗಿದ್ದಾನೆ. ನೀವು ಹತ್ತಿರದಲ್ಲೇ ಇದ್ದೀರಲ್ಲ, ತೋರಿಸ್ತೀರಾ?"

"ಹತ್ತಿರದಲ್ಲಲ್ಲ ರೋಶನ್, ಒಳಗೇ ಇದ್ದೇನೆ."

ಬಂದವರು ವಿಜಯಪುರ ಕಡೆಯ ಗಂಡಹೆಂಡತಿ. ಗಂಡನಿಗೆ ಕಟ್ಟಡದ ಕೆಲಸ. ಈ ಸಲ ಪ್ರಾಮಾಣಿಕಳಾಗಿಬಿಡೋಣವೆಂದು, "ಮಳೆ ಬಂದರೆ ಇಲ್ಲಿ ಸೋರುತ್ತದೆ" ಎಂದು ಮೂಲೆ ತೋರಿಸಿದೆ.

"ಸೋರಿದ್ರ ಒಂದು ಬಕೆಟ್ ಇಡತೀವಿ ಬಿಡ್ರಿ ಅಕ್ಕಾರ. ಬಕೆಟ್ಟೂ ಇಲ್ಲೇ ಐತಲ್ಲ" ಎಂದಳು ಹೆಂಡತಿ.

"ಬಾಗಿಲು ಕಿರುಗುಟ್ಟುತ್ತದೆ."

"ಚಲೋ ಆತಲ್ರೀ, ಕಳ್ಳ ಬಂದ್ರ ಗೊತ್ತಾಕ್ಕೈತಿ" ಎಂದ ಗಂಡ.

ಆಕೆ ಕಿಟಕಿಯ ಸರಳಿಗೆ ತಲೆ ಒರಗಿಸಿದಳು. "ಹೌದ್ರೀ, ಒಗ್ಗರಣಿ ವಾಸನಿ ಬರಾಕತ್ತೈತಿ. ಬರದದ್ದು ಖರೇನ ಐತಿ." ನಾನು ಬರೆದದ್ದು ನಿಜವೆಂದು ಹೇಳಿದ ಮೊದಲ ಓದುಗಿತ್ತಿ ನನ್ನ ಮನೆಯನ್ನೇ ಕೊಂಡೊಯ್ಯಲು ಬಂದಿದ್ದಳು.

ಅಷ್ಟರಲ್ಲಿ ಏದುಸಿರು ಬಿಡುತ್ತ ವಾರಿಜಕ್ಕ ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಫೋನು. ಬಂದವರ ಕಡೆ ನೋಡಲೂ ಇಲ್ಲ. ನನ್ನ ಮೇಲೇ ಎರಗಿದರು. "ಓದಿದ್ಯಾ ಸುಮಾ ಇದನ್ನು? ಯಾರೋ ಪುಣ್ಯಾತ್ಮರು ನನ್ನ ಮನೆ ಬಗ್ಗೆ ಎಷ್ಟು ಚಂದ ಬರೆದಿದ್ದಾರೆ ಮಾರಾಯ್ತಿ, ನಂಗೆ ಅಳುವೇ ಬಂತು. ನೀನು ಇಷ್ಟು ದಿನ ಇದ್ದೀಯಲ್ಲ, ನಿಂಗೆ ಇದೊಂದಾದ್ರೂ ಕಂಡಿತಾ? ಇವತ್ತು ಸೋರ್ತದೆ, ಇಷ್ಟು ಗಂಟೆಗೆ ಸೋರಿತು, ಇಷ್ಟು ಗಂಟೆಗೆ ನಿಂತಿತು ಅಂತ ಬರೆದದ್ದೇ ಬರೆದದ್ದು. ಈ ಹುಡುಗಿಗೆ ಮನೆ ಹಿಡಿಸ್ಲಿಲ್ಲ, ಹೋಗ್ತಾಳೆ ಹೇಳಿ ನಾನು ಬೇರೆಯವರನ್ನು ನೋಡಿದ್ದು. ಮನೆ ಕೊಟ್ರೆ ಇದನ್ನು ಬರೆದವರಿಗೇ ಕೊಡ್ಬೇಕು, ನೋಡು!"

"ಬರೆದದ್ದು ನಾನೇ ವಾರಿಜಕ್ಕ."

"ನೀನಾ? ಸುಮ್ನಿರು."

ರೋಶನ್‌ಗೆ ಕಳಿಸಿದ್ದನ್ನು ನನ್ನ ಫೋನಿನಲ್ಲಿ ತೋರಿಸಿ, ಎದುರು ಮನೆಯ ಅಜ್ಜಿಯ ಬೈಗುಳಗಳಲ್ಲಿ ಜಾಹೀರಾತಿಗೆ ಹಾಕದೆ ಬಿಟ್ಟವನ್ನೂ ಒಪ್ಪಿಸಿದ ಮೇಲೆ ನಂಬಿದರು. ನಂಬಿದ ಮೇಲೆ, "ಇಷ್ಟ ಇದ್ರೆ ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ನಿಂಗೆ ದಾಡಿ?" ಎಂದರು.

ಮನೆ ಉಳಿಯಿತು. ವಿಜಯಪುರದವರನ್ನು ನಾನೇ ಪಕ್ಕದ ಬಿಲ್ಡಿಂಗಿಗೆ ಕರೆದುಕೊಂಡು ಹೋದೆ. ಅದೂ ಹಿಂದೊಮ್ಮೆ ನಾನು ನೋಡದೆಯೇ ಹೊಗಳಿದ್ದ ರೂಮು. ಮೆಟ್ಟಿಲು ಹತ್ತುವಾಗ ದೇವರಿಗೆಲ್ಲ ಹರಕೆ ಹೊತ್ತೆ. ರೂಮು ಚೆನ್ನಾಗಿಯೇ ಇತ್ತು, ಅಲ್ಲೇ ನೆಲೆಯಾದರು. "ನಮ್ಮಲ್ಲೆ ಒಂದು ಹನಿನೂ ಸೋರಂಗಿಲ್ರೀ ಅಕ್ಕಾರ" ಎಂದು ಆಕೆ ಸಿಕ್ಕಾಗಲೆಲ್ಲ ಹೇಳುತ್ತಾಳೆ. ರೋಶನ್‌ಗಂತೂ ಒಂದೇ ಏಟಿಗೆ ಇಬ್ಬರು ಗಿರಾಕಿಗಳು. ತೃಪ್ತ ಬಾಡಿಗೆದಾರಳೆಂದು ನನ್ನದೊಂದು ಪ್ರಶಂಸೆ ಬೇಕಂತೆ. ಪ್ರಶಂಸೆ ಬರೆಯುವ ಫ್ರೀಲಾನ್ಸರ್ ಯಾರೆಂದು ಕೇಳಿದೆ. ಕನ್ನಡಕ್ಕೆ ನಾನೇ ಅಂತೆ.

ನಿನ್ನೆ ಜೋರು ಮಳೆ, ಮೂಲೆ ಮತ್ತೆ ಸೋರಿತು. ಅಭ್ಯಾಸದಂತೆ ವಾರಿಜಕ್ಕನಿಗೆ ಗಂಟೆಸಹಿತ ಬರೆದು ಕಳಿಸಿದೆ. ಅವರು ನನ್ನದೇ ಸಾಲನ್ನು ತಿರುಗಿ ಕಳಿಸಿದರು: 'ಮಳೆಗಾಲದಲ್ಲೂ ಬೆಚ್ಚಗಿರುವ ಮನೆ.' ಬರೆದವಳು ನಾನೇ ಆದ ಮೇಲೆ ಇನ್ನು ದೂರು ಕೊಡುವ ಹಾಗಿಲ್ಲ. ಹಸಿರು ಬಕೆಟ್ಟು ಇವತ್ತೂ ಮೂಲೆಯಲ್ಲಿ ಟಪಟಪ ಎನ್ನುತ್ತಿದೆ. ಮೂರನೇ ಮಾಳಿಗೆಯ ಹಳೆಯ ಸ್ಲ್ಯಾಬು ಸೋರುವುದನ್ನು ಒಳಗಿನಿಂದಲೇ, ಮಾಲೀಕರಿಗೆ ತಿಳಿಯದಂತೆ, ನಿಲ್ಲಿಸುವ ಉಪಾಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ. ಮಾಡಿ ನೋಡಿದ ಉಪಾಯವೇ ಆಗಿರಲಿ. ಫೋಟೋ ನೋಡಿ ಬರೆಯುವವರು ಬೇಡ.